ಕ್ಯಾಪ್ಸೂಲಿಗೆ ಹಾಲಿನ ಪರೀಕ್ಷೆ

ಹಿಂದೂಪುರದ ಒಂದು ಮೆಡಿಕಲ್ ಶಾಪಿನ ಮುಂದೆ ನಿಂತಿದ್ದೇನೆ. ಹಲ್ಲುನೋವಿಗೆ ಡಾಕ್ಟರು ಐದು ದಿನದ ಆಂಟಿಬಯಾಟಿಕ್ ಬರೆದು, ಕೆಳಗೆ ‘ಹೊಟ್ಟೆಗೆ ಪ್ರೋಬಯಾಟಿಕ್’ ಅಂತ ಸೇರಿಸಿದ್ದಾರೆ. ಅಂಗಡಿಯವರು ಗಾಜಿನ ಮೇಲೆ ನಾಲ್ಕು ಬಗೆ ಸಾಲಾಗಿ ಇಟ್ಟರು. ಒಂದು ಕ್ಯಾಪ್ಸೂಲು, ಒಂದು ಪುಡಿ, ಒಂದು ಬೆರಳುದ್ದದ ಬಾಟಲಿಯಲ್ಲಿ ನೀರಿನಂಥದ್ದು, ಇನ್ನೊಂದು ಫ್ರಿಜ್ಜಿನಿಂದ ತೆಗೆದದ್ದು.

“ಏದಿ ಕಾವಾಲ ಸಾಮಿ? ಯಾವ್ದು ಕೊಡ್ಲಿ?”

ಫ್ರಿಜ್ಜಿನ ಡಬ್ಬಿ ಬೆರಳಿಗೆ ತಣ್ಣಗೆ ತಾಗಿದ್ದೇ ತಡ, ಕಲ್ಯಾಣದುರ್ಗದ ನಮ್ಮಕ್ಕನ ಅಡುಗೆಮನೆ ನೆನಪಾಯಿತು. ಇವರು ಸ್ವಲ್ಪ ಕಾಯಲಿ, ನೀವು ನನ್ನ ಜೊತೆ ಬನ್ನಿ.

ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲಿಲ್ಲ. ಹಸಿ ಕಡಲೆಕಾಯಿಯನ್ನು ಹೊಲದಲ್ಲೇ ಕಿತ್ತು ಮಡಿಲ ತುಂಬ ತಿಂದು, ಮೇಲೆ ಬಾವಿ ನೀರು ಕುಡಿದು ನಡೆದವನು ನಾನು. ಒಮ್ಮೆ ಮದುವೆ ಮನೆಯಲ್ಲಿ ಬೀಗರ ಪಾಯಸಕ್ಕೆ ಹುಣಸೆರಸ ಬೆರೆಸಿ, ಅವರ ಮುಖ ನೋಡಲೆಂದೇ ಎದುರು ಕೂತು ಅದೇ ಪಾಯಸವನ್ನು ಎರಡು ಲೋಟ ಕುಡಿದು ದಕ್ಕಿಸಿಕೊಂಡವನೂ ನಾನೇ. ಇದಕ್ಕೆಲ್ಲ ಕಾರಣ ಅಂಬಲಿ. ರಾಗಿ ಅಂಬಲಿಯನ್ನು ರಾತ್ರಿಯೆಲ್ಲ ಹುಳಿಯಲು ಬಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿ, ಈರುಳ್ಳಿ ಹಸಿಮೆಣಸಿನಕಾಯಿ ಕಡಿದುಕೊಂಡು ಕುಡಿದರೆ ಮಾತ್ರೆಯ ಮಾತೇಕೆ? ಹಾಗಂತ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಕೇಳದಿದ್ದರೂ ಹೇಳುತ್ತಿದ್ದೆ.

ಅಂಥ ದಿನಗಳಲ್ಲಿ ಅಕ್ಕನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಔಷಧಿಗೆ ಜ್ವರ ಹೋಯಿತು, ಜೊತೆಗೆ ಹೊಟ್ಟೆಯೂ ಹೋಯಿತು. ಏನು ತಿಂದರೂ ಹಿತ್ತಲಿಗೆ ಓಡಬೇಕು. ಕೊನೆಗೆ ತಿನ್ನುವುದನ್ನೇ ಬಿಟ್ಟಳು. ನಾನು ನೋಡಲು ಹೋದಾಗ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಅವಳ ಸೊಸೆ ಶೈಲಜ ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಡಾಕ್ಟರು ಬರೆದ ಪ್ರೋಬಯಾಟಿಕ್ ಕ್ಯಾಪ್ಸೂಲು ತಂದು, “ಇದ್ರಲ್ಲಿ ಒಳ್ಳೆ ಕ್ರಿಮಿ ಇರ್ತವೆ ಅತ್ತೆ, ನುಂಗಿ” ಎಂದು ಬೇಡುತ್ತಿದ್ದಳು.

“ಕ್ರಿಮಿನಾ?” ಅಕ್ಕ ಬಾಯಿಗೆ ಸೆರಗು ಹಿಡಿದಳು.

ನನಗೆ ಅಷ್ಟು ಸಾಕಾಯಿತು. “ಅಕ್ಕಾ, ಮೊಸ್ರಲ್ಲೂ ಕ್ರಿಮಿನೇ ಅಂತೆ, ಇದ್ರಲ್ಲೂ ಕ್ರಿಮಿನೇ ಅಂತೆ. ಹಂಗಾದ್ರೆ ಇದನ್ನ ಹಾಲಿಗೆ ಹಾಕಾನ. ಹೆಪ್ಪಾದ್ರೆ ಜೀವ ಐತೆ, ನುಂಗು. ಆಗ್ಲಿಲ್ಲ ಅಂದ್ರೆ ಸತ್ತೋಗೈತೆ, ಬಿಸಾಕು!”

ಹುಟ್ಟಿದಾಗಿನಿಂದ ಹಾಲು ಮೊಸರಿನ ಜೊತೆ ಬಾಳಿದ ಅಕ್ಕನಿಗೆ ಈ ನ್ಯಾಯ ಹಿಡಿಸಿತು. ಸಂಜೆ ಎರಡು ಬಟ್ಟಲು ಹಾಲು ಇಟ್ಟೆವು. ಒಂದಕ್ಕೆ ಅಕ್ಕನ ಹೆಪ್ಪು, ಇನ್ನೊಂದಕ್ಕೆ ಕ್ಯಾಪ್ಸೂಲಿನ ಪುಡಿ. ಅಕ್ಕ ಕಾಲು ತೊಳೆಯಲು ಹೋದಾಗ, ಅಕಸ್ಮಾತ್ ಶೈಲಜ ಗೆದ್ದುಬಿಟ್ಟರೆ ಅಂತ, ಪುಡಿಯ ಬಟ್ಟಲನ್ನು ಒಲೆಯ ಮೇಲಿಟ್ಟು ಉಕ್ಕಿಸಿ ಇಳಿಸಿದೆ. ಬದುಕಿನಲ್ಲಿ ಮಾಡಿದ ನೂರು ಕಿತಾಪತಿಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ ಎಂದುಕೊಂಡೆ.

ಬೆಳಿಗ್ಗೆ ಅಕ್ಕನ ಬಟ್ಟಲಿನಲ್ಲಿ ಗಟ್ಟಿ ಮೊಸರು. ಇನ್ನೊಂದರಲ್ಲಿ ಹಾಲು ಹಾಲಾಗಿಯೇ ಇತ್ತು.

“ನೋಡಮ್ಮ, ಸತ್ತಿರೋ ಔಷ್ದಿ ತಂದಿದ್ದೀಯ ನಂಗೆ,” ಎಂದಳು ಅಕ್ಕ. ಶೈಲಜ ಎರಡೂ ಬಟ್ಟಲು ನೋಡಿದಳು, ಬ್ಯಾಗು ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು.

ಗೆದ್ದ ಹುಮ್ಮಸ್ಸಿನಲ್ಲಿ ಅಕ್ಕನಿಗೆ ಒಂದು ಚೊಂಬು ಹುಳಿ ಅಂಬಲಿ ಕುಡಿಸಿದೆ, ಹಸಿಮೆಣಸಿನಕಾಯಿ ಸಮೇತ. ಬಿಸಿಲು ಅಂಗಳಕ್ಕೆ ಬರುವಷ್ಟರಲ್ಲಿ ಅಕ್ಕ ನಾಲ್ಕು ಸಲ ಹಿತ್ತಲಿಗೆ ಹೋಗಿ ಬಂದು, ಐದನೆಯ ಸಲ ಬಾಗಿಲಲ್ಲೇ ಕೂತುಬಿಟ್ಟಳು. “ಲೇ, ಕಣ್ಣು ಕತ್ಲೆ ಬತ್ತೈತೆ ಕಣ್ಲಾ,” ಎಂದಳು. ಅವಳ ಕೈ ಹಿಡಿದೆ. ಫ್ರಿಜ್ಜಿನ ಡಬ್ಬಿಯಷ್ಟೇ ತಣ್ಣಗಿತ್ತು.

ಪಕ್ಕದ ಮನೆಯವರನ್ನು ಅಕ್ಕನ ಹತ್ತಿರ ಕೂರಿಸಿ ಬಸ್‌ಸ್ಟ್ಯಾಂಡ್‌ವರೆಗೆ ಓಡಿದೆ. ಗಿರಾಕಿಗಳ ಮುಂದೆಯೇ ಒದರಿದೆ: “ಶೈಲಜಾ, ಅಕ್ಕಂಗೆ ಅಂಬ್ಲಿ ಕೊಟ್ಬುಟ್ಟೆ, ಹೊಟ್ಟೆ ನಿಲ್ತಾ ಇಲ್ಲ. ಆ ಹಾಲು ಕಾಯ್ಸಿದ್ದೂ ನಾನೇ ಕಣಮ್ಮ.”

ಅವಳು ಆಗಲೇ ಓಆರ್‌ಎಸ್ ಪ್ಯಾಕೆಟ್ಟು ತೆಗೆದುಕೊಂಡು, ಡಾಕ್ಟರಿಗೆ ಫೋನ್ ಹಚ್ಚಿ, ಮೆಟ್ಟಿಲು ಇಳಿದಿದ್ದಳು. ಡಾಕ್ಟರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಫೋನ್ ಇಟ್ಟ ಮೇಲೆ ದಾರಿಯಲ್ಲಿ ಒಂದೇ ಮಾತು: “ಕಾಯ್ಸಿದ್ರೂ ಅಷ್ಟೇ, ಕಾಯ್ಸ್ದೆ ಇದ್ರೂ ಅಷ್ಟೇ ಮಾವ. ಇದ್ರಲ್ಲಿರೋವು ಮೊಸರಿನ ಜಾತಿವಲ್ಲ. ಹಾಲ್ಗೆ ಹಾಕಿದ್ರೆ ಹೆಪ್ಪಾಗಾಕಿಲ್ಲ.”

ಆ ಭಯದಲ್ಲೂ ನನಗೆ ಉರಿಯಿತು. ಅಂದರೆ ನನ್ನ ಕಿತಾಪತಿ ಬೇಕೇ ಆಗಿರಲಿಲ್ಲ!

ಶೈಲಜ ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸಿದಳು. ಸಂಜೆಗೆ ಅಕ್ಕ ಗೋಡೆಗೆ ಒರಗಿ ಕೂತಾಗ ನಾನು ತಪ್ಪೊಪ್ಪಿಕೊಂಡೆ. ಅಕ್ಕ ನನ್ನನ್ನು ಬೈಯಲಿಲ್ಲ.

“ಕಾಯ್ಸಿದ್ದು ಬೆಳಿಗ್ಗೇನೇ ಗೊತ್ತಾಯ್ತು ಕಣ್ಲಾ. ಮೇಲೆ ದಪ್ಪ ಕೆನೆ ಕಟ್ಟಿತ್ತಲ್ಲ.”

“ಗೊತ್ತಿದ್ದೂ ನನ್ನ ಬೈದ್ರಾ ಅತ್ತೆ?” ಶೈಲಜಳ ಕೈಯ ಚಮಚ ನಿಂತಿತು.

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಮಾತ್ರೆ ನುಂಗೋಕೆ ಭಯ ಕಣಮ್ಮ. ಮಾತ್ರೆಯಿಂದ್ಲೇ ಹಿಂಗಾಯ್ತಲ್ಲ ಅಂತ. ಇವ್ನು ಒಂದು ನೆಪ ಕೊಟ್ಟ, ಹಿಡ್ಕೊಂಡ್ಬುಟ್ಟೆ.” ಆಮೇಲೆ ತಾನೇ ಕೈ ಚಾಚಿದಳು: “ತತ್ತಾ, ಎಲ್ಲೈತೆ.”

ಅಂದಿನಿಂದ ಶೈಲಜ ಹೇಳಿದಂತೆಯೇ ನಡೆಯಿತು. ಡಾಕ್ಟರು ಹೇಳಿದಷ್ಟು ದಿನ ಕ್ಯಾಪ್ಸೂಲು. ಊಟಕ್ಕೆ ಮೆತ್ತನೆ ಅನ್ನ, ಹುಳಿಯಿಲ್ಲದ ನೀರುಮಜ್ಜಿಗೆ. ಹೊಟ್ಟೆ ನಿಂತ ಮೇಲೆ ಮೊಸರು, ಆಮೇಲೆ ಅರ್ಧ ಲೋಟ ಅಂಬಲಿ. ಅಕ್ಕ ಮುದ್ದೆ ಉಂಡಳೆಂಬ ಸುದ್ದಿ ಬಂದಾಗ ನಾನು ಹಿಂದೂಪುರಕ್ಕೆ ಮರಳಿದ್ದೆ. ಯಾವುದರಿಂದ ವಾಸಿಯಾಯಿತು, ಕ್ಯಾಪ್ಸೂಲೋ ಮಜ್ಜಿಗೆಯೋ ಎಂದು ಶೈಲಜಳನ್ನು ಕೇಳಿದೆ.

“ಎರಡೂ ಇರ್ಬೋದು ಮಾವ. ನೀವು ಊರಿಗೆ ಹೋಗಿದ್ದೂ ಇರ್ಬೋದು.”

ಇಷ್ಟರಲ್ಲಿ ಅಂಗಡಿಯವರು ಕೆಮ್ಮಿದರು. ನನ್ನ ಹಿಂದೆ ಮೂರು ಜನ ನಿಂತಿದ್ದಾರೆ. ನಾನು ಫೋನ್ ತೆಗೆದೆ.

“ಶೈಲಜಾ, ಹೊಟ್ಟೆ ಔಷ್ದಿ ನಾಲ್ಕು ಥರ ಇಟ್ಟವ್ರೆ. ಯಾವ್ದು ತಗಂಬೇಕಮ್ಮ?”

“ಯಾರ್ಗೆ ಕಿತಾಪತಿ ಮಾಡ್ತಾ ಇದೀರಾ ಮಾವ?”

“ನಂಗೇ ಕಣಮ್ಮ. ಹಲ್ಲು ನೋವು.”

“ನಂಬಾಕಿಲ್ಲ. ಅಂಗಡಿಯೋರ್ಗೆ ಕೊಡಿ ಫೋನು.”

ಕೊಟ್ಟೆ. ಅವರು, “ನಿಜಮೇನಮ್ಮಾ, ಚೀಟಿ ನಾ ಚೇತಿಲೋನೇ ಉಂದಿ,” ನಿಜವೇ, ಚೀಟಿ ತಮ್ಮ ಕೈಯಲ್ಲೇ ಇದೆ ಎಂದು ತೆಲುಗಿನಲ್ಲೇ ನನ್ನ ಪರ ಸಾಕ್ಷಿ ಹೇಳಿದರು. ಡಾಕ್ಟರ ಚೀಟಿಯನ್ನು ಅವಳಿಗೆ ಓದಿದರು. ಮೂರು ಡಬ್ಬಿ ಕಪಾಟಿಗೆ ಹೋದವು. ಫೋನ್ ಕಿವಿಯಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

“ಹೆಂಗೆ ತಗಂಬೇಕು ಅಂತ ನಿಮ್ಮ ಬಾಯಲ್ಲಿ ಒಂದ್ಸಲ ಹೇಳಿಸ್ಬೇಕಂತೆ ಸಾಮಿ. ಆಂಟಿಬಯಾಟಿಕ್ ಆದ್ಮೇಲೆ ಎರಡು ಗಂಟೆ ಬಿಟ್ಟು ಇದು. ಮಧ್ಯಾಹ್ನಕ್ಕೆ ಮೊಸರನ್ನ.”

“ಆಂಟಿಬಯಾಟಿಕ್ ನುಂಗಿ ಎರಡು ಗಂಟೆ ಬಿಟ್ಟು ಇದು. ಮಧ್ಯಾಹ್ನ ಮೊಸರನ್ನ,” ಎಂದು ಕೈಕಟ್ಟಿ ಒಪ್ಪಿಸಿದೆ.

“ಸರಿಯಾಗೇ ಹೇಳಿದ್ರಮ್ಮ,” ಎಂದರು ಅವರು. ಫೋನಿನಿಂದ ಶೈಲಜಳ ನಗು ಗಾಜಿನ ಈಚೆಗೂ ಕೇಳಿಸಿತು. ಈ ಸಲ ಅವಳನ್ನು ನಗಿಸಲು ನಾನು ಯಾವ ಕಿತಾಪತಿಯನ್ನೂ ಮಾಡಿರಲಿಲ್ಲ.