ಬಿಳಿ ಇಲಿಗಳು ಮತ್ತು ಅಕ್ಕನ ಉಪ್ಪು

ಎಪ್ಪತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ವಿಜಾಪುರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಬಿಳಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದೆ. ಬಿ.ಎಸ್ಸಿ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ. ನಮ್ಮ ಪ್ರೊಫೆಸರರು ಕೆಲವು ಇಲಿಗಳಿಗೆ ಒಂದು ಹಾರ್ಮೋನಿನ ಚುಚ್ಚುಮದ್ದು ಕೊಡುತ್ತಿದ್ದರು. ಪ್ರತಿ ಪಂಜರಕ್ಕೂ ಎರಡು ಬಾಟಲಿ. ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು. ಚುಚ್ಚುಮದ್ದು ಪಡೆದ ಇಲಿಗಳು ಸಿಹಿನೀರನ್ನು ಮೂಸಿ ಬಿಟ್ಟು ಉಪ್ಪುನೀರಿಗೇ ಜೋತುಬೀಳುತ್ತಿದ್ದವು. ಕುಡಿಯುತ್ತ ಹೋದಂತೆ ಅವುಗಳ ರಕ್ತದೊತ್ತಡ ಏರುತ್ತಿತ್ತು. ಅದನ್ನು ಅಳೆಯಲು ಇಲಿಯ ಮೈ ಬೆಚ್ಚಗೆ ಮಾಡಿ, ಬಾಲಕ್ಕೆ ಸಣ್ಣ ಪಟ್ಟಿ ಸುತ್ತಿ, ಅದು ಮಿಸುಕಾಡದೆ ಕೂರುವ ತನಕ ಕಾಯಬೇಕು. ಬೇಸಿಗೆಯಲ್ಲಿ, ಗಾಳಿಯಾಡದ ಆ ಕೋಣೆಯಲ್ಲಿ ಸಂಜೆಯಾಗುವ ಹೊತ್ತಿಗೆ ಮಾತಾಡುವ ತ್ರಾಣವೂ ಉಳಿಯುತ್ತಿರಲಿಲ್ಲ.

ಅಂಥ ಒಂದು ಬೇಸಿಗೆಯಲ್ಲಿ, ಹೊನವಾಡಕ್ಕೆ ಕೊಟ್ಟಿದ್ದ ನನ್ನ ಅಕ್ಕನಿಗೆ ತಲೆನೋವು ವಿಪರೀತವಾಯಿತು. ಕೊಡ ಹೊತ್ತು ಬರುವಾಗ ಕಾಲು ಸೋತು ದಾರಿಯಲ್ಲೇ ಕುಸಿದು ಕೂರುತ್ತಿದ್ದಳು. ತಿಕೋಟಾದ ಡಾಕ್ಟರರು ಬಿ.ಪಿ. ಬಹಳ ಇದೆ, ಉಪ್ಪು ಬಿಡಿಸಿರಿ ಎಂದರು. ಅವಳ ಅತ್ತೆ ಉಪ್ಪಿನ ಗಡಿಗೆಯನ್ನು ಎತ್ತಿಟ್ಟರು. ಅಕ್ಕ ಉಪ್ಪಿನಕಾಯಿಗೆ ಕೈಹಾಕಿದಳು. ನಾನು ನೋಡಲು ಹೋದಾಗ ಅತ್ತೆ ಇದನ್ನೆಲ್ಲ ಹೇಳಿ, ಬಾಯಿಚಪಲಕ್ಕೆ ಮದ್ದಿಲ್ಲ ಎಂದು ಬೇಸರಪಟ್ಟರು. ಅಕ್ಕ ಗೋಡೆಗೆ ಒರಗಿ ಕಣ್ಣುಮುಚ್ಚಿ ಕೂತಿದ್ದಳು.

"ನಾ ಬೇಕಂತ ತಿನ್ನಾಕತ್ತಿಲ್ಲ ತಂಗಿ," ಎಂದಳು. "ಮೈಯಾಗ ಯಾರೋ ಕುಂತು ಬೇಡಿದಂಗ ಆಗ್ತೈತಿ."

ವಾಪಸು ಬರುವ ಬಸ್ಸಿನಲ್ಲಿ ನನಗೆ ಇಲಿಗಳದೇ ನೆನಪು. ಮರುದಿನ ಪ್ರೊಫೆಸರರಿಗೆ ಹೇಳಿದೆ. ಮೂತ್ರಪಿಂಡದ ಮೇಲಿರುವ ಸಣ್ಣ ಗ್ರಂಥಿ ಕೆಟ್ಟರೆ, ನಾವು ಇಲಿಗೆ ಚುಚ್ಚುವಂಥ ಹಾರ್ಮೋನನ್ನೇ ಅದು ಮಿತಿಮೀರಿ ಸುರಿಸುತ್ತದೆ, ಕಾಲಿನ ನಿತ್ರಾಣವೂ ಅದರಿಂದಲೇ ಇರಬಹುದು ಎಂದರು. ನಾನು ವೈದ್ಯನಲ್ಲ, ಮಿರಜಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿರಿ ಎಂದೂ ಸೇರಿಸಿದರು.

ಅಲ್ಲಿಂದ ಮುಂದೆ ಬರೀ ಓಡಾಟ. ಭಾವ ಹೊಲದ ಕೆಲಸ ತಮ್ಮನಿಗೆ ಒಪ್ಪಿಸಿ ಅಕ್ಕನನ್ನು ಮಿರಜಿಗೆ ಕರೆದೊಯ್ದರು; ರಕ್ತಪರೀಕ್ಷೆಗೆಂದು ಮತ್ತೆ ಮತ್ತೆ ಹೋದರು. ಕೊನೆಗೆ ಗ್ರಂಥಿಯಲ್ಲಿ ಗಡ್ಡೆ ಇದೆಯೆಂದು ಆಪರೇಷನ್ ಆಯಿತು. ತೆಗೆದ ಗಡ್ಡೆ ಬೋರೆಹಣ್ಣಿನಷ್ಟಿತ್ತಂತೆ. ಆಸ್ಪತ್ರೆಯ ಜಗಲಿಯಲ್ಲಿ ಅತ್ತೆ ನನ್ನ ಪಕ್ಕ ಕೂತು, "ಗಂಟು ಐತಂತ ನನಗೇನ ಗೊತ್ತವಾ, ಸುಮ್ಮನ ಬೈದ್ನಿ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಅಕ್ಕನ ಕಾಲಿಗೆ ಶಕ್ತಿ ಬಂತು, ಉಪ್ಪಿನ ಹಂಬಲ ತಗ್ಗಿತು. ರಕ್ತದೊತ್ತಡ ಮಾತ್ರ ಇಳಿದರೂ ಪೂರ್ತಿ ಇಳಿಯಲಿಲ್ಲ. ಬಹಳ ದಿನ ಒತ್ತಡ ತಿಂದ ರಕ್ತನಾಳಗಳು ಪೆಡಸಾಗಿವೆ, ಗುಳಿಗೆ ತಪ್ಪಿಸಬೇಡಿರಿ ಎಂದರು ಡಾಕ್ಟರರು.

ನಾನು ಕಾಲೇಜಿಗೆ ಮರಳಿದಾಗ ಪ್ರಯೋಗ ಮುಗಿಯುತ್ತ ಬಂದಿತ್ತು. ಹೃದಯ ತೂಗುವುದಕ್ಕಾಗಿ ಇಲಿಗಳನ್ನು ಕೊಲ್ಲಬೇಕಿತ್ತು; ಹಿಡಿದುಕೊಡುವುದು ನನ್ನ ಕೆಲಸ. ಹಿಡಿದುಕೊಟ್ಟೆ. ಉಪ್ಪುನೀರು ಕುಡಿದವುಗಳ ಹೃದಯ ದಪ್ಪಗಾಗಿತ್ತು. ಹೊಸ ಇಲಿಗಳು ಬರುತ್ತವೆ ಎಂದು ಪ್ರೊಫೆಸರರು ಹೇಳಿದಾಗ, ನನ್ನಿಂದ ಇನ್ನಾಗುವುದಿಲ್ಲ ಅಂದೆ. ಮಳೆಗಾಲ ಶುರುವಾಗುವಾಗ ಬಬಲೇಶ್ವರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿಕೊಂಡೆ.