ಯುದ್ಧದ ಕಾರಣಗಳು ಮತ್ತು ಏಕಾದಶಿ

ಅಮೆರಿಕದ ಶೋರ್‌ಲೈನ್ ಊರಿನ ಲೈಬ್ರರಿಯಲ್ಲಿ ನನ್ನ ತಂಗಿಯ ಕಿರಿಮಗಳು ನಿಧಿ ಶಾಲೆಗಾಗಿ ಹಳೆಯ ಇಂಗ್ಲೆಂಡ್-ಸ್ಪೇನ್ ಯುದ್ಧದ ಕಾರಣಗಳನ್ನು ಬರೆಯುತ್ತಿದ್ದಳು. ಸ್ಪೇನಿನ ಹಡಗು ದೋಚಲು ಇಂಗ್ಲೆಂಡಿನ ರಾಣಿಯೇ ಪರವಾನಗಿ ಕೊಟ್ಟಿದ್ದಳಂತೆ; ಜೊತೆಗೆ ಮತದ ಜಗಳವೂ ಇತ್ತಂತೆ!

"ದೇವರೂ ಬೇರೆಯೇನೇ?" ಎಂದೆ.

"ಸೇಮ್ ಗಾಡ್, ದೊಡ್ಡಮ್ಮ. ಪ್ರೇಯರ್ಸ್ ಡಿಫರೆಂಟ್."

ಪಕ್ಕದಲ್ಲಿದ್ದ ತಂಗಿ ಮುಖ ತಿರುಗಿಸಿದಳು. ಹತ್ತಿರದ ಡುವಾಲ್ ಊರಿನಲ್ಲಿರುವ ಹಿರಿಮಗಳು ನಮ್ಮ ಮನೆಯ ದಿನ ಬಿಟ್ಟು ಅತ್ತೆಮನೆಯವರಂತೆ ಮರುದಿನ ಏಕಾದಶಿ ಮಾಡಿದಳೆಂದು ತಂಗಿ ಜಗಳವಾಡಿ, ಅವಳೊಡನೆ ಮಾತು ಬಿಟ್ಟಿದ್ದಾಳೆ. ಆ ಹುಡುಗಿಯೀಗ ದಿನ ತುಂಬಿದ ಬಸುರಿ.

"ಒಂದು ಫೋನ್ ಮಾಡೇ," ಎಂದೆ.

"ಮೊದಲು ಅವಳು ಮಾಡ್ಲಿ ಅಕ್ಕ."

ಮಾತು ಮರೆಸಲು ತಂಗಿ ನಿಧಿಯನ್ನು ಕೇಳಿದಳು, "ಯುದ್ಧ ಹೇಗೆ ಮುಗೀತೇ?"

"ಸ್ಪೇನ್ ರಾಜ, ಇಂಗ್ಲೆಂಡ್ ರಾಣಿ ಬೋತ್ ಡೈಡ್, ಅಮ್ಮ. ದೆನ್ ಪೀಸ್."

ತಂಗಿ ಫೋನಿನಲ್ಲಿ ಹಿರಿಮಗಳ ಹೆಸರು ಹುಡುಕಿ, ನೋಡಿ, ಫೋನನ್ನು ಮತ್ತೆ ಚೀಲಕ್ಕೆ ಹಾಕಿದಳು. ಹೆಸರನ್ನು ಅಳಿಸಿರಲಿಲ್ಲವಲ್ಲ ಕೃಷ್ಣಾ, ಅಷ್ಟಾದರೂ ಆಯಿತು.