ದೀಪ ಹಚ್ಚಿದ ಖಾಲಿ ಮನೆಗಳು

ಅಕ್ಕುತಾಯಿ ಅಂಗನವಾಡಿ ನಡೆಸುವುದು ಯಡೂರಿನ ಆಚೆ, ಕೃಷ್ಣೆಯ ದಂಡೆಯ ಒಂದು ಸಣ್ಣ ಊರಿನಲ್ಲಿ. ಮಹಾಪೂರ ಬಂದ ಮೇಲೆ ದಂಡೆಯ ಓಣಿಯವರೆಲ್ಲ ದಿಬ್ಬದ ಮೇಲಿನ ಹೊಸ ಪ್ಲಾಟಿಗೆ ಹೋದರು. ದನಕರು, ಸಾಮಾನು ಎಲ್ಲ ಹೋದವು. ಮನೆದೇವರು ಮಾತ್ರ ಹಳೆಯ ಮನೆಗಳ ದೇವರ ಜಗಲಿ ಬಿಟ್ಟು ಏಳಲಿಲ್ಲ. ಸೋಮವಾರ ಹೆಂಗಸರು ಇಳಿದುಬಂದು, ಬೀಗ ತೆಗೆದು, ದೀಪ ಹಚ್ಚಿ ಹೋಗುತ್ತಾರೆ.

ಜನಗಣತಿಗೆ ಮುಂಚೆ ಊರನ್ನು ಬ್ಲಾಕುಗಳಾಗಿ ಹಂಚುತ್ತಾರೆ. ಮಂದಿ ಹೆಚ್ಚಿದ ಕಡೆ ಬ್ಲಾಕು ಒಡೆಯುತ್ತಾರೆ, ಕಡಿಮೆಯಾದ ಕಡೆ ಕೂಡಿಸುತ್ತಾರೆ. ಹಳೆಯ ನಕ್ಷೆ ತಿದ್ದಲು ಬಂದ ನೌಕರ ವಿಕ್ರಾಂತ, ಎಲ್ಲೆಲ್ಲಿ ಜನ ವಾಸವಿದ್ದಾರೆಂದು ಗುರುತು ಹಾಕುವ ಕೆಲಸವನ್ನು ಅಕ್ಕುತಾಯಿಗೆ ಒಪ್ಪಿಸಿದ. ಅವಳು ದಂಡೆಯ ಓಣಿಗೆ ಹೋದದ್ದು ಸೋಮವಾರ. ಮುದುಕಿ ತುಳಸವ್ವ ಬತ್ತಿ ಹೊಸೆಯುತ್ತಿದ್ದಳು.

“ಏನ್ ಬರ್ಯಾಕತ್ತೀಯವಾ?”

“ಖಾಲಿ ಮನಿ ಗುರ್ತ ಮಾಡಾಕತ್ತೀನಿ, ಆಯಿ.”

“ಖಾಲಿ? ದೇವರು ಕುಂತೈತಿ, ದೀಪ ಉರಿಯಾಕತ್ತೈತಿ. ಕಣ್ಣಿಲ್ಲೇನ ನಿನಗ? ಹಂಗ ಬರದ್ರ ನಮ್ಮ ದೀಪ ನೀನ ಆರಿಸಿದಂಗ ನೋಡು.”

ಅಕ್ಕುತಾಯಿಯ ಕೈ ಹಿಂದೆ ಸರಿಯಿತು. ಓಣಿಯ ಮನೆಗಳನ್ನೆಲ್ಲ ‘ವಾಸ’ ಎಂದೇ ಗುರುತಿಸಿದಳು. ಅದೇ ಮಂದಿಯನ್ನು ಮೇಲೆಯೂ ತೋರಿಸಿದರೆ ಎರಡು ಸಲ ಆಗುತ್ತದೆಂದು ದಿಬ್ಬವನ್ನು ನಕ್ಷೆಯಲ್ಲಿ ಬಯಲಾಗಿಯೇ ಬಿಟ್ಟಳು. ಅದು ಬರೀ ದೇವರ ಭಯವಲ್ಲ, ಬಿಸಿಲಲ್ಲಿ ದಿಬ್ಬ ಹತ್ತುವ ಬೇಸರವೂ ಇತ್ತು ಎಂದು ಆಮೇಲೆ ಅವಳೇ ಹೇಳಿದಳು.

ಕೆಲವು ತಿಂಗಳ ನಂತರ ಪಂಚಾಯಿತಿ ಸಭೆಯಲ್ಲಿ ತುಳಸವ್ವನ ಸೊಸೆ ನೀಲಮ ಎದ್ದು ನಿಂತಳು, ಕಂಕುಳಲ್ಲಿ ಕೂಸು. “ದಿಬ್ಬದ ಮ್ಯಾಲ ಒಂದು ಅಂಗನವಾಡಿ ಕೊಡ್ರಿ. ಈಗ ಹುಡುಗೂರು ಕೆಳಗಿನ ಅಂಗನವಾಡಿಗೆ ಕಬ್ಬಿನ ಟ್ರ್ಯಾಕ್ಟರ್ ನಡುವ ಇಳೀಬೇಕ್ರಿ.”

ವಿಕ್ರಾಂತ ನಕ್ಷೆ ಬಿಚ್ಚಿದ. “ದಿಬ್ಬದ ಮ್ಯಾಲ ಮಂದಿ ಎಲ್ಲದಾರ್ರಿ? ಇಲ್ಲಿ ಬಯಲೈತಿ.”

“ಹಂಗಾರ ನಾವೇನ್ ದೆವ್ವೇನ್ರಿ?”

ಎಲ್ಲರೂ ನಕ್ಕರು. ಹಿಂದೆ ಕೂತಿದ್ದ ದಿಬ್ಬದ ಭರಮು ಕೂಗಿದ: “ಯಾವ ಕುರುಡ ಬರದಾನೋ ಕರಕೊಂಡ ಬರ್ರಿ, ಫೇಟಾ ಸುತ್ತಿ ಸತ್ಕಾರ ಮಾಡೂಣು!”

ಅಕ್ಕುತಾಯಿಯೂ ನಕ್ಕಳು.

“ನಮ್ಮ ಅಕ್ಕೋರ್ನ ಕೇಳ್ರಿ,” ಎಂದಳು ನೀಲಮ, ಅಕ್ಕುತಾಯಿಯ ಕಡೆ ಕೈ ತೋರಿಸಿ. “ಅವರು ಸುಳ್ಳ ಹೇಳಂಗಿಲ್ಲ.”

ಅಕ್ಕುತಾಯಿ ಎದ್ದಳು. “ಬರದಾಕಿ ನಾನ ರೀ.”

ಈ ಸಲ ಯಾರೂ ನಗಲಿಲ್ಲ. ತುಳಸವ್ವ ಸೆರಗನ್ನು ಹಣೆಗೆ ಎಳೆದುಕೊಂಡು ನೆಲ ನೋಡಿದಳು. ಸಾಲಾಗಿ ಕೂತ ಹೆಂಗಸರ ನಡುವೆ ಮತ್ತೆ ಕೂಡುವುದು ಹೇಗೆಂದು ತಿಳಿಯದೆ ಅಕ್ಕುತಾಯಿ ನಿಂತೇ ಇದ್ದಳು.

“ಬ್ಲಾಕಿನ ಗಡಿ ಇನ್ನೂ ಗಟ್ಟಿ ಆಗಿಲ್ರಿ,” ಎಂದ ವಿಕ್ರಾಂತ, ಅವಳ ಮುಖ ನೋಡದೆ. “ನಾಳೆ ತಿದ್ದೂಣು.”

ಮರುದಿನ ಅವನ ಮುಂದೆ ಮುಂದೆ ಅವಳು ದಿಬ್ಬ ಹತ್ತಿದಳು. ಮೊದಲ ಬಾಗಿಲಲ್ಲೇ ನೀಲಮ ನಿಂತಿದ್ದಳು. ಒಳಗಿನಿಂದ ಚಹಾ ಕುದಿಯುವ ವಾಸನೆ ಬರುತ್ತಿತ್ತು, ಆದರೂ ಅವಳು ‘ಒಳಗ ಬರ್ರಿ’ ಅನ್ನಲಿಲ್ಲ. ಗುರುತಿಲ್ಲದವರಿಗೆ ಹೇಳುವಂತೆ ಹೇಳಿದಳು:

“ಈ ಮನ್ಯಾಗ ಮಂದಿ ಇರ್ತೀವ್ರಿ. ಬರಕೋರಿ.”